ಡ್ರಮ್ಮಿನ ತಳದ ಪಾಕ

ಹುಲಗಲ ಎಣ್ಣೆಯ ದೀಪಕ್ಕೆ ಒಂದು ಕಹಿ ವಾಸನೆಯಿರುತ್ತದೆ. ಹಸಿ ಬೇವಿನ ಕಡ್ಡಿ ಮುರಿದಾಗ ಬರುವಂಥದು, ಅದರ ಬೆನ್ನಿಗೇ ಶೇಂಗಾ ಸಿಪ್ಪೆ ಸುಟ್ಟಂಥದು. ಮಧುಮತಿಯ ಬಾಲ್ಯ ಆ ವಾಸನೆಯಲ್ಲೇ ಕಳೆದಿತ್ತು. ಬೀಳಗಿ ತಾಲೂಕಿನ ಹೊಳೆದಂಡೆಯ ಊರಲ್ಲಿ ಅಜ್ಜಿ ಗುರುಬಸವ್ವ ದಿನವೂ ಮುಚ್ಚಂಜೆಗೆ ದನದ ಮನೆಯ ಗೂಡಿನಲ್ಲಿ ಆ ದೀಪ ಇಡುತ್ತಿದ್ದಳು. ಮಕ್ಕಳ ಕೈಗೆ ಕಜ್ಜಿಯಾದರೆ ಅದೇ ಎಣ್ಣೆ ಹಚ್ಚಿ, ಉರಿಯದಿರಲೆಂದು ಬಾಯಿಂದ ಮೆಲ್ಲಗೆ ಊದುತ್ತಿದ್ದಳು. ಹೊರಗಿನವರು ಹೊಂಗೆ ಎನ್ನುವ ಮರಕ್ಕೆ ಅಲ್ಲಿ ಹುಲಗಲ ಎಂದೇ ಹೆಸರು. ಹಳ್ಳದ ಎರಡೂ ದಂಡೆಗೆ ಅವೇ ನಿಂತಿದ್ದವು. ಈಗ ಊರು, ಹಳ್ಳ, ಮರ ಎಲ್ಲವೂ ಆಲಮಟ್ಟಿಯ ಹಿನ್ನೀರಿನ ಕೆಳಗಿವೆ. ನೀರು ಬರುವ ಹೊತ್ತಿಗೆ ಮಧುಮತಿ ಜಮಖಂಡಿಯ ಬನಹಟ್ಟಿ ರಸ್ತೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು.

ಅದಕ್ಕೇ ಇರಬೇಕು, ಎರಡು ಸಾವಿರದ ಏಳರಲ್ಲಿ ಯಾರೋ ಅಧಿಕಾರಿಗಳು ಕಾಲೇಜಿಗೆ ಬಂದು, ಹೊಂಗೆ ಬೀಜದಿಂದ ಗಾಡಿಗೆ ಬೇಕಾದ ಎಣ್ಣೆ ಮಾಡಬಹುದೆಂದು ಭಾಷಣ ಮಾಡಿದಾಗ, ಉಳಿದವರು ತೂಕಡಿಸುತ್ತಿದ್ದರೆ ಮಧುಮತಿ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂತಳು.

ಕಾಲೇಜಿಗೊಂದು ಹಳೆಯ ಬಸ್ಸಿತ್ತು. ಜಮಖಂಡಿ, ಹುನ್ನೂರ, ಹಿಪ್ಪರಗಿ, ಬನಹಟ್ಟಿ ಎಂದು ಸುತ್ತಿ ಹುಡುಗಿಯರನ್ನು ಕರೆತರುತ್ತಿತ್ತು. ಅದರ ಹೊಗೆ ಎಂಥದೆಂದರೆ, ಬನಹಟ್ಟಿಯ ಬಣ್ಣಗಾರರ ಓಣಿಯಲ್ಲಿ ಒಣಹಾಕಿದ ಬಿಳಿ ನೂಲು ಬಸ್ಸು ದಾಟುವಷ್ಟರಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಚಾಲಕ ಚಿದಾನಂದ ಓಣಿಯ ಬಾಯಲ್ಲಿ ಎರಡು ಸಲ ಹಾರ್ನ್ ಹೊಡೆದು ಒಂದು ನಿಮಿಷ ಬಸ್ಸು ನಿಲ್ಲಿಸುತ್ತಿದ್ದ. ಹೆಂಗಸರು ಹೊರಗೆ ಬಂದು ನೂಲಿನ ಮೇಲೆ ಹಳೇ ಸೀರೆ ಹೊದಿಸಿ, ಅವನ ಬಸ್ಸಿಗೆ ನಾಲ್ಕು ಬೈದು ಒಳಗೆ ಹೋದ ಮೇಲೆ ಮುಂದಕ್ಕೆ ಬಿಡುತ್ತಿದ್ದ. ಹಾಗೆ ನಿಲ್ಲಿಸೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮಧುಮತಿ ತರಗತಿಯಲ್ಲಿ ಲೆಕ್ಕ ಬಿಡಿಸಿ ಹೇಳುತ್ತಿದ್ದಳು. ಡೀಸೆಲ್ ಸುಟ್ಟರೆ ನೆಲದಡಿಯಲ್ಲಿ ಕೋಟಿಗಟ್ಟಲೆ ವರ್ಷ ಮಲಗಿದ್ದ ಇಂಗಾಲವನ್ನು ಎಬ್ಬಿಸಿ ಗಾಳಿಗೆ ಬಿಟ್ಟಂತೆ. ಅದು ಮರಳಿ ನೆಲಕ್ಕಿಳಿಯುವುದಿಲ್ಲ, ಮೇಲೆ ಹೊದಿಕೆಯಂತೆ ನಿಂತು ಭೂಮಿಯನ್ನು ಬೇಯಿಸುತ್ತದೆ. ಹುಲಗಲ ಎಣ್ಣೆ ಹಾಗಲ್ಲ. ಹೋದ ವರ್ಷ ಮರ ಗಾಳಿಯಿಂದ ಕುಡಿದದ್ದನ್ನೇ ಈ ವರ್ಷ ಬಸ್ಸು ಗಾಳಿಗೆ ಕೊಡುತ್ತದೆ, ಬರುವ ವರ್ಷ ಮರ ಮತ್ತೆ ಕುಡಿಯುತ್ತದೆ. ಹುಡುಗಿಯರು ಬರೆದುಕೊಳ್ಳುತ್ತಿದ್ದರು. ಇದನ್ನು ಬರೆಸಿದರೆ ಸಾಲದು, ಮಾಡಿ ತೋರಿಸಬೇಕೆಂದು ಅವಳಿಗೆ ಅನಿಸಿತು.

ಮಾಡಿ ತೋರಿಸಲು ಒಂದೂವರೆ ವರ್ಷ ಹಿಡಿಯಿತು. ಪ್ರಯೋಗಾಲಯದ ಹಿಂದೆ ತಗಡಿನ ಶೆಡ್ ಎದ್ದಿತು. ಗಾಣದಿಂದ ಎಣ್ಣೆ, ಬನಹಟ್ಟಿಯ ಬಣ್ಣಗಾರರ ಅಂಗಡಿಯಿಂದ ಕಾಸ್ಟಿಕ್ ಸೋಡಾ, ಹುಬ್ಬಳ್ಳಿಯಿಂದ ಮೆಥನಾಲ್ ಎಂಬ ಸ್ಪಿರಿಟ್ ಬಂದವು. ಎಲ್ಲವನ್ನೂ ಒಂದು ದೊಡ್ಡ ಡ್ರಮ್ಮಿನಲ್ಲಿ ಹದವಾಗಿ ಬಿಸಿಮಾಡಿ ತಿರುವಿ ರಾತ್ರಿಯಿಡೀ ಬಿಟ್ಟರೆ, ಬೆಳಿಗ್ಗೆ ಎರಡು ಪದರವಾಗಿ ಒಡೆದಿರುತ್ತಿತ್ತು. ಮೇಲೆ ಜೇನಿನ ಬಣ್ಣದ ತಿಳಿ ಎಣ್ಣೆ. ಅದನ್ನು ತೊಳೆದು ಕಾಯಿಸಿದರೆ ಬಸ್ಸಿಗಾಗುತ್ತಿತ್ತು. ತಳದಲ್ಲಿ ಕಪ್ಪು ಕಂದು ಬಣ್ಣದ ಮಂದ ಪಾಕ. ಆ ಪಾಕದ ಮುಕ್ಕಾಲು ಪಾಲು ಗ್ಲಿಸರಿನ್. ಮುಂದೆ ಸಾಬೂನು ಮಾಡೋಣವೆಂದು ಅದನ್ನು ಮುಧೋಳದ ಗುಜರಿಯಿಂದ ತಂದ ಡ್ರಮ್ಮುಗಳಿಗೆ ತುಂಬಿ ಶೆಡ್ಡಿನ ಮೂಲೆಯಲ್ಲಿ ಇಡಿಸಿದ್ದಳು. ಅವು ಮೊದಲು ಸಕ್ಕರೆ ತೆಗೆದ ಮೇಲೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ, ಕಾಕಂಬಿ, ತುಂಬಿದ್ದ ಡ್ರಮ್ಮುಗಳು. ಕಬ್ಬಿನ ಸೀಮೆಯಲ್ಲಿ ಡ್ರಮ್ಮು ಬೇಕೆಂದರೆ ಅವೇ ಸಿಗುವುದು.

ಬಸ್ಸು ಓಡಿತು. ಮೊದಲ ವಾರ ಹುಡುಗಿಯರೆಲ್ಲ ಹಿಂದಿನ ಕಿಟಕಿಗೆ ಮುಖವಿಟ್ಟು ಹೊಗೆ ಹುಡುಕಿದರು. ಬಣ್ಣಗಾರರ ಓಣಿಯ ಹೆಂಗಸರು ಸೀರೆ ಹಿಡಿದು ಹೊರಬಂದವರು ಹಾಗೇ ನಿಂತರು. ಚಿದಾನಂದ ಕಿಟಕಿಯಿಂದ ತಲೆ ಹೊರಹಾಕಿ, ಇನ್ನು ತನಗೆ ಬೈಯಲು ಬೇರೆ ಕಾರಣ ಹುಡುಕಿಕೊಳ್ಳಬೇಕೆಂದು ಅವರಿಗೆ ಕೂಗಿ ಹೇಳಿದನಂತೆ.

ಬೀಜ ತಂದುಕೊಡುತ್ತಿದ್ದವಳು ಹುನ್ನೂರಿನ ಮಾಯವ್ವ. ಕುರಿ ಸಾಕುವ ಮನೆತನ, ಬೀರೇಶ್ವರನ ಒಕ್ಕಲು. ಗಂಡ ಲಗಮಣ್ಣನ ಜೊತೆ ಕಾಲುವೆಗುಂಟ ಕುರಿ ಮೇಯಿಸುವಾಗ ಉದುರಿದ ಹುಲಗಲ ಕಾಯಿಗಳನ್ನು ಉಡಿಯಲ್ಲಿ ಆರಿಸಿ, ಒಡೆದು, ಬೀಜ ಬೇರೆ ಮಾಡಿ, ವಾರಕ್ಕೊಮ್ಮೆ ಬಸ್ಸಿನಲ್ಲಿ ಚೀಲ ಹೇರಿಕೊಂಡು ಬರುತ್ತಿದ್ದಳು. ಅವಳ ಚೀಲದಲ್ಲಿ ಕಲ್ಲು, ಕಸ, ಹುಳುಕು ಬೀಜ ಒಂದೂ ಇರುತ್ತಿರಲಿಲ್ಲ. ಚೀಲ ಇಳಿಸಿ, ಬಸ್ಸಿನ ಗಾಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಯಾಕೆಂದು ಮಧುಮತಿ ಕೇಳಿದ್ದಕ್ಕೆ, ತಾನು ಆರಿಸಿದ್ದನ್ನು ತಿಂದು ಓಡುವ ಪ್ರಾಣಿಯಲ್ಲವೇ ಎಂದು ನಕ್ಕಿದ್ದಳು.

ಬಸ್ಸು ಓಡತೊಡಗಿದ ವರ್ಷದ ಏಪ್ರಿಲ್‌ನಲ್ಲಿ ಕಾಲೇಜಿನ ಆಡಳಿತ ಮಂಡಳಿಯವರು ಶೆಡ್ ನೋಡಲು ಬಂದರು. ಅವರಲ್ಲೊಬ್ಬರು ಮೂಲೆಯ ಡ್ರಮ್ಮುಗಳನ್ನು ನೋಡಿ ಹಿಂದೆ ಸರಿದು, ಅದೇನು ವಿಷವೋ ಎಂದು ಕೇಳಿದರು. ಮಧುಮತಿ ನಕ್ಕಳು. ಪಾಕದಲ್ಲಿ ಬೆರಳದ್ದಿ ಅಂಗೈಯ ಹಿಂಬದಿಗೆ ಸವರಿಕೊಂಡು ತೋರಿಸಿದಳು. ಇದು ಗ್ಲಿಸರಿನ್, ವಿಷವಲ್ಲ, ಕೆಮ್ಮಿನ ಔಷಧಕ್ಕೂ ಹಾಕುತ್ತಾರೆ, ಮುಖಕ್ಕೆ ಹಚ್ಚುವ ಕ್ರೀಮಿಗೂ ಹಾಕುತ್ತಾರೆ ಎಂದಳು. ಎಲ್ಲರೂ ತಲೆಯಾಡಿಸಿದರು. ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಚಿದಾನಂದನೂ ತಲೆಯಾಡಿಸಿದ. ಅವರು ಹೋದ ಕೂಡಲೇ ಮಧುಮತಿ ನಲ್ಲಿಯ ಕೆಳಗೆ ಕೈಯನ್ನು ಎರಡು ಸಲ ಉಜ್ಜಿ ತೊಳೆದುಕೊಂಡಳು. ಅದನ್ನು ಯಾರೂ ನೋಡಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ, ಹತ್ತು ಗಂಟೆಯ ಸುಮಾರಿಗೆ, ಚಿದಾನಂದ ಪ್ರಯೋಗಾಲಯದ ಬಾಗಿಲಿಗೆ ಬಂದು ನಿಂತ. ಒಳಗೆ ಬರಲಿಲ್ಲ. ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಮೇಡಂ, ಆ ಪಾಕ ಕುರಿಗಿ ಹಾಕಿದ್ರ ಏನಾರ ಆಕ್ಕೈತೇನ್ರಿ?"

"ಯಾವ ಪಾಕ?"

"ಡ್ರಮ್ಮಿನ ತಳದಾಗಿಂದು. ನೀವ ಹೇಳಿದ್ರೆಲ್ರಿ, ವಿಷ ಅಲ್ಲ, ಔಷಧಕ್ಕ ಹಾಕತಾರ ಅಂತ."

ಮಧುಮತಿಯ ಕೈಯಲ್ಲಿದ್ದ ಗಾಜಿನ ನಳಿಕೆ ಮೇಜಿನ ಮೇಲೆ ತಾನಾಗಿ ಇಳಿಯಿತು. ಯಾರಿಗೆ ಕೊಟ್ಟೆ ಎಂದು ಕೇಳುವ ಮೊದಲೇ ಅವಳಿಗೆ ಉತ್ತರ ಗೊತ್ತಿತ್ತು.

ಅವನು ಹೇಳುತ್ತ ಹೋದ. ಕಬ್ಬು ಕಡಿದು ಮುಗಿದಿದೆ, ಕಬ್ಬಿನ ಸೋಗೆ ಸಿಗುವುದಿಲ್ಲ, ಕುರಿಗಳು ತೌಡನ್ನು ಮೂಸಿ ಬಿಡುತ್ತಿವೆ ಎಂದು ಮಾಯವ್ವ ಹೇಳಿದಳು. ಶೆಡ್ಡಿನಲ್ಲಿ ಡ್ರಮ್ಮು ನೋಡಿ, ಅದು ಕಾಕಂಬಿಯೇನು ಎಂದಳು. ಕಾಕಂಬಿಯಲ್ಲ, ಆದರೆ ಅಂಥದೇ, ಸುಮ್ಮನೆ ಬಿದ್ದಿದೆ, ಒಯ್ಯಿ ಎಂದು ನಿನ್ನೆ ಅವನೇ ಎರಡು ಕ್ಯಾನು ತುಂಬಿ, ಬಸ್ಸಿನಲ್ಲಿಟ್ಟು, ಅವಳ ಮನೆಯವರೆಗೆ ಹೊತ್ತು ಕೊಟ್ಟಿದ್ದ. ಆ ಸೀಮೆಯಲ್ಲಿ ಕಂದು ಬಣ್ಣದ ಸಿಹಿ ಪಾಕವೆಂದರೆ ದನಕ್ಕೆ, ಕುರಿಗೆ ತೌಡಿನಲ್ಲಿ ಕಲಸಿ ಇಡುವ ವಸ್ತು. ಅದರ ಮೇಲೆ ಇನ್ನೊಂದು ಯೋಚನೆ ಯಾರಿಗೂ ಬರುವುದಿಲ್ಲ.

ಅಷ್ಟು ವರ್ಷ ರಸಾಯನಶಾಸ್ತ್ರ ಕಲಿಸಿದ ಮಧುಮತಿಗೂ ಬಂದಿರಲಿಲ್ಲ. ಶುದ್ಧ ಮಾಡಿದ ಗ್ಲಿಸರಿನ್ ವಿಷವಲ್ಲವೆಂಬುದು ಖರೆ. ಆದರೆ ಡ್ರಮ್ಮಿನ ತಳದ್ದು ಶುದ್ಧ ಮಾಡಿದ್ದಲ್ಲ. ಅದರಲ್ಲಿ ಮಿಕ್ಕ ಕಾಸ್ಟಿಕ್ ಸೋಡಾ ಇತ್ತು, ಮಿಕ್ಕ ಸ್ಪಿರಿಟ್ ಇತ್ತು. ಆ ಒಂದು ಮಾತನ್ನು ಅವಳು ಅಂದು ಆಡಿರಲಿಲ್ಲ.

ಅದೇ ಬಸ್ಸಿನಲ್ಲಿ ಇಬ್ಬರೂ ಹುನ್ನೂರಿಗೆ ಹೊರಟರು. ಬಸ್ಸು ಎಂದಿಗಿಂತ ಹಗುರವಾಗಿ ಓಡಿತು. ಹಿಂದೆ ಒಂದು ಎಳೆ ಹೊಗೆಯಿರಲಿಲ್ಲ.

ಲಗಮಣ್ಣನ ಮನೆಯ ಮುಂದೆ ಜನ ಗೋಡೆಗುಂಟ ಸರಿದು ನಿಂತಿದ್ದರು. ಹಟ್ಟಿಯೊಳಗೆ ಕಾಲಿಟ್ಟ ಮಧುಮತಿ ಅಲ್ಲೇ ನಿಂತುಬಿಟ್ಟಳು. ಸತ್ತ ಕುರಿಗಳನ್ನು ಒಂದು ಬದಿಗೆ ಎಳೆದು ಹಾಕಿದ್ದರು. ಅವುಗಳ ಬಾಯಿಂದ ಬಂದ ನೊರೆ ಇನ್ನೂ ಆರಿರಲಿಲ್ಲ. ಬದುಕಿದ್ದ ಕೆಲವು ಎದ್ದು ನಿಲ್ಲಲು ಹೋಗಿ ಮುಂಗಾಲು ಮಡಿದು ಬೀಳುತ್ತಿದ್ದವು. ಲಗಮಣ್ಣ ನೆಲದ ಮೇಲೆ ಕೂತು ಒಂದು ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಿದಿರಿನ ಗೊಟ್ಟದಿಂದ ಮಜ್ಜಿಗೆ ಹನಿಸುತ್ತಿದ್ದ. ಅವನು ತಲೆಯೆತ್ತಿ ಅವಳನ್ನು ನೋಡಿದ. ಮತ್ತೆ ಕುರಿಯ ಬಾಯಿಯ ಕಡೆ ತಿರುಗಿದ.

ಮಾಯವ್ವ ಓಡಿ ಬಂದಳು. ಕಲಿಸುವ ಮಧುಮತಿಯನ್ನು ಅವಳು ಬಾಯಾರ ಎಂದೇ ಕರೆಯುತ್ತಿದ್ದಳು.

"ಏಳ ಹೋದ್ವು ಬಾಯಾರ. ಇನ್ನ ನಾಕ ಕಾಲ ಝಾಡಸಾಕತ್ತಾವ. ದನದ ಡಾಕ್ಟರು ಬಂದು ಸೂಜಿ ಹಾಕಿ ಹೋದ್ರು, ಏನ ತಿಂದಾವ ಅಂತ ತಿಳಿವಲ್ದು ಅಂದ್ರು. ಏನಿತ್ತರಿ ಅದರಾಗ?"

ಅವಳ ಮಾತಿನಲ್ಲಿ ಆಪಾದನೆಯಿರಲಿಲ್ಲ. ಪಾಠ ಕೇಳುವ ಹುಡುಗಿಯಂತೆ ಕೇಳುತ್ತಿದ್ದಳು. ಮಧುಮತಿ ಇದ್ದದ್ದನ್ನು ಹೇಳಿದಳು. ಇದು ನನ್ನ ತಪ್ಪು, ಚಿದಾನಂದನದಲ್ಲ ಎಂದೂ ಹೇಳಿದಳು. ಹೇಳುವಾಗ ಅವಳ ಗಮನ ಹಟ್ಟಿಯ ಬಾಗಿಲಲ್ಲಿದ್ದ ಬೋಗುಣಿಯ ಮೇಲೆ ಹೋಯಿತು. ಅದರ ತಳದಲ್ಲಿ ಆ ಪಾಕವೇ ಅಂಟಿತ್ತು, ಪಕ್ಕದಲ್ಲಿ ಜೋಳದ ರೊಟ್ಟಿಯ ಒಂದು ಚೂರು ಬಿದ್ದಿತ್ತು.

"ಇದೇನು ಮಾಯವ್ವ?"

"ಅದಾ? ನಾ ತಿಂದದ್ದರಿ. ನಮ್ಮ ಮನ್ಯಾಗ ಹೊಸಾದು ಏನಾರ ಬಂದ್ರ ಮೊದಲ ಮನಿ ಹೆಣಮಗಳು ತಿಂದು, ಆಮ್ಯಾಲ ಕುರಿಗಿ ಇಡೂದು. ನಮ್ಮತ್ತಿ ಕಲಿಸಿದ್ದು. ಮೂಕ ಪ್ರಾಣಿ, ಅವಕ್ಕ ಹೇಳಾಕ ಬಾಯಿಲ್ಲ."

"ಎಷ್ಟು ತಿಂದಿ?"

"ಅರ್ಧ ರೊಟ್ಟಿ ಅದ್ದಿ ತಿಂದೆ. ಮೊದಲ ಸೀ ಹತ್ತಿತು. ಆಮ್ಯಾಲ ಗಂಟಲಾಗ ಸುಣ್ಣ ನುಂಗಿದಂಗ ಆತು, ವಾಂತಿ ಆತು. ಖಾಲಿ ಹೊಟ್ಟಿ, ಅದಕ್ಕ ಅಂದಕೊಂಡೆ."

ಆ ಸ್ಪಿರಿಟ್ಟಿನ ಗುಣ ಮಧುಮತಿಗೆ ಗೊತ್ತಿತ್ತು. ಹೊಟ್ಟೆಗೆ ಹೋದ ಮೇಲೆ ಅರ್ಧ ದಿನ, ಕೆಲವೊಮ್ಮೆ ಇಡೀ ದಿನ, ಏನೂ ಆಗದವರಂತೆ ಮನುಷ್ಯರು ಓಡಾಡುತ್ತಾರೆ. ಆಮೇಲೆ ಅದು ಕಣ್ಣಿಗೆ ಬರುತ್ತದೆ. ಮೊದಲು ಎಲ್ಲ ಬೆಳ್ಳಗೆ, ಮಂಜು ಬಿದ್ದಂತೆ ಕಾಣುತ್ತದೆ. ಅದಾದ ಮೇಲೆ ಏನೂ ಕಾಣುವುದಿಲ್ಲ. ಎಷ್ಟು ಹೊತ್ತಾಯಿತೆಂದು ಕೇಳಿದಳು. ನಿನ್ನೆ ಹೊತ್ತು ಮುಳುಗುವಾಗ ಎಂದಳು ಮಾಯವ್ವ. ಹದಿನಾರು ತಾಸು.

ಈಗಿಂದೀಗ ದವಾಖಾನೆಗೆ ಹೋಗಬೇಕೆಂದಾಗ ಮಾಯವ್ವ ಒಪ್ಪಲೇ ಇಲ್ಲ. ತನಗೇನಾಗಿದೆ, ಕುರಿ ಸಾಯುತ್ತಿರುವಾಗ ತಾನು ಹೋಗಿ ಮಂಚದ ಮೇಲೆ ಮಲಗಬೇಕೇ ಎಂದಳು. ಮಧುಮತಿ ಕಣ್ಣಿನ ಮಾತು ಹೇಳಿದಳು. ಮಾಯವ್ವ ಎರಡೂ ಕಣ್ಣು ಅಗಲಿಸಿ, ನೋಡಿರಿ, ಚೆನ್ನಾಗಿವೆ, ಎಂದು ತೋರಿಸಿ ಮತ್ತೆ ಕುರಿಗಳ ಕಡೆ ನಡೆದಳು. ಗೋಡೆಗುಂಟ ನಿಂತವರಲ್ಲಿ ಯಾರೋ, ಇಷ್ಟು ಮಾಡಿದ್ದು ಸಾಲದೆ ಈಗ ಇವಳನ್ನೂ ಒಯ್ಯಲು ಬಂದರೆಂದು ಮೆಲ್ಲಗೆ ಗೊಣಗಿದರು.

ಆಗ ಲಗಮಣ್ಣ ತೊಡೆಯ ಮೇಲಿನ ಕುರಿಯ ತಲೆಯನ್ನು ಮೆಲ್ಲಗೆ ನೆಲಕ್ಕಿಳಿಸಿದ. ಎದ್ದು ಬಂದು ಹೆಂಡತಿಯ ತೋಳು ಹಿಡಿದು ಬಸ್ಸಿನವರೆಗೆ ನಡೆಸಿದ.

"ಹೋಗ ಬೇ. ಕುರಿ ಮತ್ತ ಹುಟ್ಟತಾವ. ಇಲ್ಲಿ ನಾ ಅದೇನಿ."

ಮಧುಮತಿಯ ಕಡೆ ತಿರುಗದೆ ಮತ್ತೆ ಹಟ್ಟಿಯೊಳಗೆ ಹೋದ.

ಜಮಖಂಡಿಯ ದವಾಖಾನೆಯಲ್ಲಿ ಇದ್ದವಳು ಚಿಕ್ಕ ವಯಸ್ಸಿನ ಡಾಕ್ಟರು. ಮಧುಮತಿ ಪಾಕದಲ್ಲಿ ಏನೇನಿತ್ತು, ಎಷ್ಟೆಷ್ಟು ಇರಬಹುದು ಎಂದು ಲೆಕ್ಕ ಹಾಕಿ ಬರೆದು ಕೊಟ್ಟಳು. ಎಲ್ಲಿ ತಯಾರಾದದ್ದು ಎಂಬ ಕಡೆ ಕಾಲೇಜಿನ ಹೆಸರನ್ನೂ, ಯಾರು ತಯಾರಿಸಿದ್ದು ಎಂಬ ಕಡೆ ತನ್ನ ಹೆಸರನ್ನೂ ಬರೆದಳು. ಅಷ್ಟರಲ್ಲಿ ಸುದ್ದಿ ತಿಳಿದ ಪ್ರಾಚಾರ್ಯರು ಫೋನ್ ಮಾಡಿ, ಕಾಲೇಜಿನ ಹೆಸರು ಬರದ ಹಾಗೆ ನೋಡಿಕೊಳ್ಳಿ ಎಂದರು. ಬರೆದಾಯಿತು ಎಂದಳು. ಅವರು, ಆ ಹೆಣ್ಣುಮಗಳು ಹೇಗಿದ್ದಾಳೆಂದು ಕೇಳಿ ಫೋನ್ ಇಟ್ಟರು.

ಡಾಕ್ಟರು ಆ ಕಾಗದ ಓದಿ ಹಣೆ ಒತ್ತಿಕೊಂಡಳು. ತಿಂದದ್ದು ಸ್ವಲ್ಪ, ಅದರಲ್ಲೂ ವಾಂತಿಯಾಗಿದೆ, ಏನೂ ಆಗದೆಯೂ ಇರಬಹುದು ಎಂದಳು. ಆದರೆ ರಕ್ತದಲ್ಲಿ ಎಷ್ಟಿದೆ ಎಂದು ನೋಡುವ ಪರೀಕ್ಷೆ ಇಲ್ಲಿಲ್ಲ. ವರದಿ ಹೊರಗಿನಿಂದ ಬರುವವರೆಗೆ ಕಾಯಲು ಬರುವುದಿಲ್ಲ. ಕುಡಿಯುವ ಮದ್ಯವನ್ನು ಅಳತೆಯಿಂದ ಕೊಡುತ್ತ ಹೋದರೆ ದೇಹ ಮೊದಲು ಅದನ್ನು ಅರಗಿಸುವುದರಲ್ಲಿ ತೊಡಗುತ್ತದೆ, ಅಷ್ಟರಲ್ಲಿ ಈ ಸ್ಪಿರಿಟ್ ವಿಷವಾಗದೆ ಹೊರಗೆ ಹೋಗುತ್ತದೆ. ದವಾಖಾನೆಯಲ್ಲಿ ಅಂಥದು ಇರಲಿಲ್ಲ. ಅರ್ಧ ತಾಸಿನೊಳಗೆ ಒಂದು ಬಾಟಲಿ ಬ್ರ್ಯಾಂಡಿ ತರಿಸಿರಿ ಎಂದಳು.

ಚಿದಾನಂದ ಆಗಲೇ ದನದ ಔಷಧಿ ತೆಗೆದುಕೊಂಡು ಹುನ್ನೂರಿಗೆ ಹೊರಟುಹೋಗಿದ್ದ. ಮಧುಮತಿಯೇ ಹೋದಳು.

ಬ್ರ್ಯಾಂಡಿ ಅಂಗಡಿ ಬಸ್ ನಿಲ್ದಾಣದ ಹಿಂದಿತ್ತು. ಇಪ್ಪತ್ತು ವರ್ಷ ಆ ಊರಲ್ಲಿದ್ದರೂ ಅವಳು ಅದರ ಮುಂದೆ ನಿಂತಿರಲಿಲ್ಲ. ಮಧ್ಯಾಹ್ನ ಹನ್ನೆರಡರ ಬಿಸಿಲಿಗೇ ಐದಾರು ಗಂಡಸರು ಜಾಲರಿಯ ಮುಂದೆ ನಿಂತಿದ್ದರು. ಅವರಲ್ಲೊಬ್ಬ ಅವಳ ವಿದ್ಯಾರ್ಥಿನಿಯೊಬ್ಬಳ ಅಪ್ಪ. ಅವಳನ್ನು ಗುರುತಿಸಿದ. ಗುರುತಿಸಿ, ಗುರುತೇ ಇಲ್ಲದವನಂತೆ ರಸ್ತೆಯ ಕಡೆ ಮುಖ ತಿರುಗಿಸಿ ನಿಂತ. ಕಾಲು ನೆಲಕ್ಕೆ ಸರಿಯಾಗಿ ಊರದ ಒಬ್ಬ ಮುದುಕ, ಅವನ ಸರದಿಯೇ ಮುಂದಿತ್ತು, ಹಿಂದೆ ಸರಿದು ದಾರಿ ಬಿಟ್ಟ.

"ಮುಂದ ಬರ್ರಿ ತಂಗೆವ್ವ. ಯಾರೋ ಕಷ್ಟದಾಗ ಇರಬೇಕು, ಇಲ್ಲಂದ್ರ ನೀವು ಇಲ್ಲಿ ಯಾಕ ನಿಂದರ್ತೀರಿ."

ಅಂಗಡಿಯವನು ಬಾಟಲಿಯನ್ನು ದಿನಪತ್ರಿಕೆಯಲ್ಲಿ ಸುತ್ತಿ, ತನ್ನ ಬಳಿಯಿದ್ದ ಒಂದು ಸೀರೆ ಅಂಗಡಿಯ ಚೀಲ ಹುಡುಕಿ ಅದರಲ್ಲಿ ಹಾಕಿ ಕೊಟ್ಟ.

ಡಾಕ್ಟರು ಔಷಧಿಯ ಬಟ್ಟಲಲ್ಲಿ ಅಳೆದು, ಲಿಂಬೆ ಶರಬತ್ತು ಬೆರೆಸಿ ಕೊಟ್ಟಳು. ಮಾಯವ್ವ ಒಂದು ಗುಟುಕು ಕುಡಿದು ಮುಖ ಹಿಂಡಿದಳು.

"ಇದನ್ನ ನಮ್ಮ ಗಂಡಸರು ರೊಕ್ಕ ಕೊಟ್ಟು ಕುಡೀತಾರ? ಹುಚ್ಚರು."

ಪಕ್ಕದ ಮಂಚದವರು ನಕ್ಕರು. ಮಧುಮತಿಗೂ ನಗು ಬಂತು.

ತಾಸಿಗೊಮ್ಮೆ ಬಟ್ಟಲು ಬಂತು. ಸಂಜೆಯ ಹೊತ್ತಿಗೆ ಮಾಯವ್ವನ ನಾಲಿಗೆ ಸಡಿಲಾಯಿತು. ಕುಲದೇವರು ಬೀರಪ್ಪನ ಮುಂದೆ ಭಂಡಾರದ ಅರಿಸಿನ ತೂರಿದ ಕಥೆ ಹೇಳಿದಳು, ಲಗಮಣ್ಣ ಮದುವೆಯ ದಿನ ಪೇಟ ಸುತ್ತಿಕೊಳ್ಳಲು ಬಾರದೆ ಅತ್ತ ಕಥೆ ಹೇಳಿದಳು. ಆಮೇಲೆ ಸತ್ತ ಕುರಿಗಳ ಹೆಸರು ಹೇಳತೊಡಗಿದಳು. ಕರಿಗಿವಿ. ಹಂಡಿ. ಸಣ್ಣಬಾಲಿ. ಎರಡು ಸಲ ಅವಳಿ ಈದ ದೊಡ್ಡಾಕಿ. ತೋಳ ಬಂದಾಗ ತಾನೇ ಮುಂದೆ ನಿಂತ ಟಗರು, ಅದನ್ನು ಅವಳು ಮಾವ ಎಂದು ಕರೆಯುತ್ತಿದ್ದಳಂತೆ. ಮತ್ತೆರಡು ಹೆಸರು. ಅಳುತ್ತ ಅಳುತ್ತ, ಕೊಟ್ಟದ್ದನ್ನು ತಾನೇ ಮೊದಲು ತಿಂದೆನಲ್ಲ, ತಿಂದರೂ ತನಗೆ ತಿಳಿಯದೆ ಹೋಯಿತಲ್ಲ ಎಂದು ತನ್ನ ನಾಲಿಗೆಯನ್ನೇ ಬೈದಳು. ಬೆಳಗಿನಿಂದ ಮಧುಮತಿಯ ತಲೆಯಲ್ಲಿ ಏಳು ಎಂಬ ಸಂಖ್ಯೆಯಿತ್ತು. ಈಗ ಏಳು ಹೆಸರುಗಳಾದವು. ಅವಳು ಮಾಯವ್ವನ ಕೈ ಹಿಡಿದುಕೊಂಡು ಕೂತಳು. ಆ ಕೈಯ ಉಗುರುಸಂದಿಯಲ್ಲಿ ಹುಲಗಲ ಕಾಯಿ ಒಡೆದ ಕಪ್ಪು ಇನ್ನೂ ಹಾಗೇ ಇತ್ತು.

ಬಸ್ಸಿನ ಹೊಗೆಯಲ್ಲಿ ಏನೇನಿದೆ ಎಂದು ಅವಳು ಕಾಗದದ ಮೇಲೆ ಎಷ್ಟು ಸಲ ಅಳೆದಿದ್ದಳು. ಸಾವಿರ ಕಿಲೋಮೀಟರಿಗೆ ಎಷ್ಟು ಇಂಗಾಲ ಉಳಿಯಿತೆಂದು ಗೋಡೆಗೆ ನಕ್ಷೆ ಅಂಟಿಸಿದ್ದಳು. ಹಿಂದಿನ ಕೊಳವೆಯಿಂದ ಹೊರಬೀಳುವುದನ್ನು ಇಷ್ಟು ಜತನದಿಂದ ನೋಡಿದವಳಿಗೆ, ಡ್ರಮ್ಮಿನ ತಳದಲ್ಲಿ ಉಳಿಯುವುದು ಕಾಣಿಸಿರಲಿಲ್ಲ. ಕಾಣಿಸಿರಲಿಲ್ಲ ಎನ್ನುವುದೂ ಸುಳ್ಳು. ಅಂದು ಅದನ್ನು ಕೈಗೆ ಹಚ್ಚಿಕೊಂಡು ಎಲ್ಲರಿಗೂ ತೋರಿಸಿದ್ದಳು.

ರಾತ್ರಿ ಹೇಗೋ ಕಳೆಯಿತು. ತಾಸಿಗೊಮ್ಮೆ ಮಾಯವ್ವನನ್ನು ಎಬ್ಬಿಸಿ ಎಷ್ಟು ಬೆರಳೆಂದು ಕೇಳುವುದು, ಅವಳು ನಿದ್ದೆಗಣ್ಣಲ್ಲಿ ಸರಿಯಾದ ಉತ್ತರ ಹೇಳಿ ಬೈದು ಮಗ್ಗುಲಾಗುವುದು, ಇಷ್ಟೇ. ಬೆಳಕು ಹರಿಯುವ ಮುಂಚೆ ಮಧುಮತಿಗೆ ಕುರ್ಚಿಯಲ್ಲೇ ಕಣ್ಣು ಹತ್ತಿತು.

ಎಚ್ಚರಾದಾಗ ಮಾಯವ್ವ ಎದ್ದು ಕೂತು, ಎದುರಿನ ಕಿಟಕಿಯ ಕಡೆ ನೋಡುತ್ತಿದ್ದಳು.

"ಬಾಯಾರ," ಎಂದಳು, ಮೆಲ್ಲಗೆ. "ಹೊರಗ ಎಲ್ಲಾ ಬೆಳ್ಳಗ ಕಾಣಾಕತ್ತೈತಿ."

ಮಧುಮತಿಯ ತಲೆಯಲ್ಲಿದ್ದದ್ದು ಒಂದೇ: ಮಂಜು ಬಿದ್ದಂತೆ, ಮಂಜು ಬಿದ್ದಂತೆ. ಕುರ್ಚಿ ತಳ್ಳಿ ಓಡಿದ್ದು, ಡಾಕ್ಟರ ಕೋಣೆಯ ಬಾಗಿಲು ಬಡಿದದ್ದು ಅವಳಿಗೆ ಆಮೇಲೆ ನೆನಪಾಗಲಿಲ್ಲ.

ಡಾಕ್ಟರು ಬಂದು ಟಾರ್ಚು ಹಿಡಿದು ಎರಡೂ ಕಣ್ಣು ನೋಡಿದಳು. ಏನು ಕಾಣುತ್ತಿದೆ ಎಂದಳು. ಮಾಯವ್ವ ಮತ್ತೆ ಕಿಟಕಿಯ ಕಡೆ ಬೆರಳು ಮಾಡಿ ಅದೇ ಮಾತು ಹೇಳಿದಳು. ಡಾಕ್ಟರು ಕಿಟಕಿಯ ಹತ್ತಿರ ಹೋದಳು. ಅದರ ಗಾಜಿಗೆ ಬೇಸಿಗೆಯ ಬಿಸಿಲು ಹೊಡೆಯದಿರಲೆಂದು ಸುಣ್ಣದ ನೀರು ಬಳಿದಿದ್ದರು. ಅವಳು ಚಿಲಕ ತೆಗೆದು ಎರಡೂ ಬಾಗಿಲು ಹೊರಕ್ಕೆ ತಳ್ಳಿದಳು. ಬೆಳಗಿನ ಬಿಸಿಲು ಮಂಚದ ಮೇಲೆ ಬಿತ್ತು.

"ಈಗ ನೋಡಿ ಹೇಳವ್ವ. ಏನು ಕಾಣುತ್ತದೆ?"

ಕೆಳಗಿನ ರಸ್ತೆಯಲ್ಲಿ ಒಂದು ಕುರಿಹಿಂಡು ಹೋಗುತ್ತಿತ್ತು. ಮಾಯವ್ವ ಮುಂದೆ ಬಾಗಿ, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. ಮಧುಮತಿ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದಳು.

"ನಮ್ಮ ಕಡಿ ಕುರಿ ಅಲ್ಲ ಇವು, ಕಿವಿಗಿ ಬ್ಯಾರೆ ಗುರ್ತ ಹಾಕ್ಯಾರ. ನಡಬರಕ ಆ ಕಂದ ಟಗರ ನೋಡ್ರಿ, ಬಲಗಡಿ ಮುಂಗಾಲ ಎತ್ತಿ ಎತ್ತಿ ಇಡಾಕತ್ತೈತಿ. ಗೊರಸಿನಾಗ ಮುಳ್ಳ ಮುರದೈತಿ. ಕಾಯಾವ ಮುಂದ ನಡದಾನ, ಅವಗ ಗೊತ್ತಿಲ್ಲ. ಯಾರಾರ ಹೇಳಿ ಬರ್ರಿ."

ಡಾಕ್ಟರು ಮಧುಮತಿಯ ಕಡೆ ತಿರುಗಿ ತಲೆಯಾಡಿಸಿದಳು. ಇಷ್ಟು ಹೊತ್ತಿಗೆ ಬರಬೇಕಾದದ್ದು ಬರಲಿಲ್ಲ, ಇನ್ನು ಭಯವಿಲ್ಲ ಎಂದಳು. ಸಂಜೆಯವರೆಗೆ ಇಟ್ಟುಕೊಂಡು ಕಳಿಸುವುದಾಗಿ ಹೇಳಿದಳು. ಆ ಮಾತು ಕಿವಿಗೆ ಬಿದ್ದರೂ ಒಳಕ್ಕೆ ಇಳಿಯಲು ಹೊತ್ತು ಹಿಡಿಯಿತು. ಮಾಯವ್ವ ಅಷ್ಟರಲ್ಲಿ ತಲೆಗೂದಲು ಕಟ್ಟಿಕೊಳ್ಳುತ್ತ, ಮನೆಯಲ್ಲಿ ಇನ್ನೂ ನಾಲ್ಕು ಚೀಲ ಬೀಜವಿದೆ, ಚಿದಾನಂದನಿಗೆ ಒಯ್ಯಲು ಹೇಳಿ ಎಂದಳು. ಬೀಜದ ತಪ್ಪೇನಿದೆ ಎಂದಳು. ಬಸ್ಸು ಇನ್ನು ಓಡುವುದೋ ಇಲ್ಲವೋ ಮಧುಮತಿಗೆ ಗೊತ್ತಿರಲಿಲ್ಲ. ಟಗರಿನ ಮಾತು ಹೇಳಿ ಬರುತ್ತೇನೆಂದು ಕೆಳಗಿಳಿದಳು.

ಹಿಂಡು ಅಷ್ಟರಲ್ಲಿ ತಿರುವು ದಾಟಿತ್ತು. ಓಡಿಹೋಗಿ ಕುರಿ ಕಾಯುವವನಿಗೆ ಹೇಳಿದಳು. ಅವನು ಅವಳನ್ನು ವಿಚಿತ್ರವಾಗಿ ನೋಡಿ, ಟಗರನ್ನು ಹಿಡಿದು ಕಾಲು ಮಡಿಸಿ ನೋಡಿದ. ಗೊರಸಿನ ಸಂದಿಯಿಂದ ಕಿರುಬೆರಳಿನಷ್ಟು ಉದ್ದದ ಜಾಲಿಯ ಮುಳ್ಳು ಬಂತು. ಮುಳ್ಳನ್ನು ಕಂಡ ಮೇಲೆ ಮಧುಮತಿಗೆ ಅಳು ಬಂತು. ರಸ್ತೆಯ ಬದಿಯಲ್ಲಿ ನಿಂತು, ಯಾರು ನೋಡುತ್ತಾರೆಂಬ ಎಚ್ಚರವಿಲ್ಲದೆ ಅತ್ತಳು.

ಹಿಂದಿರುಗಿದಾಗ ವಾರ್ಡಿನ ಹೊರಗಿನ ಬಾಂಕಿನ ಮೇಲೆ ಲಗಮಣ್ಣ ಕೂತಿದ್ದ. ಮೊದಲ ಬಸ್ಸಿಗೆ ಬಂದಿದ್ದ. ಧೋತರಕ್ಕೆ, ಮೊಣಕಾಲಿಗೆ, ಕೈಗಳಿಗೆ ಕೆಂಪು ಮಣ್ಣು ಮೆತ್ತಿತ್ತು. ಕುಣಿ ತೋಡಿದ ಮಣ್ಣು. ಹನ್ನೊಂದೂ ಹೋದವೆಂದು ಅವನೇ ಹೇಳಿದ. ಚಿದಾನಂದ ರಾತ್ರಿಯಿಡೀ ತನ್ನ ಜೊತೆಗಿದ್ದ, ಕುಣಿಯನ್ನೂ ಅವನೇ ಅರ್ಧ ತೋಡಿದ ಎಂದ. ಮಾಯವ್ವನನ್ನು ಒಳಗೆ ಹೋಗಿ ನೋಡಿ ಬಂದಿದ್ದ. ಅವಳು ಅವನನ್ನು ಕಂಡ ಕೂಡಲೇ, ಮುಖಕ್ಕೆ ಮಣ್ಣು ಹತ್ತಿದೆ, ತೊಳೆದುಕೋ ಎಂದಿದ್ದಳಂತೆ. ಅಷ್ಟು ದೂರದಿಂದ ಅವಳಿಗೆ ಮಣ್ಣು ಕಂಡಿತಲ್ಲ ಎಂದು ಎರಡು ಸಲ ಹೇಳಿದ.

"ಲಗಮಣ್ಣ," ಎಂದು ಶುರುಮಾಡಿದಳು ಮಧುಮತಿ. ರಾತ್ರಿಯಿಡೀ ಜೋಡಿಸಿಟ್ಟ ಮಾತುಗಳಿದ್ದವು. ಸತ್ತ ಕುರಿಗಳ ಬದಲು ಕುರಿ ಕೊಡಿಸುವ ಮಾತು, ಡ್ರಮ್ಮುಗಳಿಗೆ ತಾನೇ ಬೀಗ ಹಾಕುವ ಮಾತು. ನಿನ್ನೆ ಬೆಳಗಿನಿಂದ ಅವಳು ನೀರು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕಿರಲಿಲ್ಲ. ಮಾತನ್ನು ಅಲ್ಲಿಗೇ ಬಿಟ್ಟು ಗೋಡೆಗೆ ಕೈ ಊರಿದಳು.

ಲಗಮಣ್ಣ ಅವಳನ್ನು ನೋಡಿದ. ಬಾಂಕಿನ ಮೇಲೆ ಸರಿದು ಜಾಗ ಬಿಟ್ಟ. ಎದ್ದು ನಲ್ಲಿಗೆ ಹೋಗಿ ಮೊಣಕೈವರೆಗೆ ಕೈ ತೊಳೆದು, ಹೆಗಲ ವಸ್ತ್ರಕ್ಕೆ ಒರೆಸಿಕೊಂಡು ಬಂದು ಕೂತ. ಕಾಲಬಳಿಯಿದ್ದ ಗಂಟು ಬಿಚ್ಚಿದ. ನಾಲ್ಕು ಬಿಸಿ ಆರಿದ ಜೋಳದ ರೊಟ್ಟಿ, ಪುಂಡಿ ಪಲ್ಯ, ಒಂದು ಉಳ್ಳಾಗಡ್ಡಿ. ಯಾರೋ ನೆರೆಯವರು ಅವನಿಗಾಗಿ ಕಟ್ಟಿಕೊಟ್ಟದ್ದಿರಬೇಕು. ಎರಡು ರೊಟ್ಟಿಗಳ ಮೇಲೆ ಪಲ್ಯ ಹಾಕಿ, ಉಳ್ಳಾಗಡ್ಡಿಯನ್ನು ಅಂಗೈಯಲ್ಲಿ ಒಡೆದು ಅರ್ಧ ಅದರ ಬದಿಗಿಟ್ಟು ಅವಳ ಕೈಗೆ ಕೊಟ್ಟ.